ಒಂದು ಡೋಸ್ ಹೆಪಟೈಟಿಸ್ ಬಿ ಲಸಿಕೆ, ಜೊತೆಗೆ ಗ್ಲೌಸ್: ಸಾಕಾ ಅಂತ ಕೇಳಿದ ಸಿಸ್ಟರ್‌ಗೆ

ಕಾಲೇಜಿನಲ್ಲಿ ಒಂದು ಡೋಸ್ ಆಗಿತ್ತು, ಈಗ ವಾರ್ಡಿನಲ್ಲಿ ಗ್ಲೌಸ್ ಹಾಕಿಕೊಂಡು ಜೋಪಾನವಾಗಿದ್ದೇನೆ ಅಂತ ಬರೆದಿದ್ದೀರಿ. ಸಿಸ್ಟರ್, 2014ರಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ.

ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ದಾವಣಗೆರೆಯಲ್ಲಿ ಒಂದು ನರ್ಸಿಂಗ್ ಹೋಮ್ ಸೇರಿದ್ದೆ. ನೈಟ್ ಡ್ಯೂಟಿಗೆ ಇಬ್ಬರೇ. ಬೆಳಗಿನ ಜಾವ ಒಬ್ಬ ರೋಗಿಯ ರಕ್ತ ತೆಗೆದು ಸೂಜಿಗೆ ಕ್ಯಾಪ್ ಹಾಕಲು ಹೋದೆ. ಹೆಬ್ಬೆರಳಿಗೆ ಚುಚ್ಚಿತು. ಗ್ಲೌಸ್ ಹಾಕಿದ್ದೆ. ಸೂಜಿಗೆ ಗ್ಲೌಸ್ ಯಾವ ಲೆಕ್ಕ?

ಕ್ಯಾಪ್ ಹಾಕಬಾರದಿತ್ತು, ಸರಿ. ಆದರೆ ನಾನು ಕೆಟ್ಟಿದ್ದು ಆಮೇಲೆ. ಬೆರಳು ಹಿಂಡಿದೆ, ಸ್ಪಿರಿಟ್ ಹಚ್ಚಿದೆ, ಸುಮ್ನಾದೆ. ಇನ್‌ಚಾರ್ಜ್ ಸಿಸ್ಟರ್ ಬೈತಾರೆ ಅನ್ನೋ ಭಯ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಫೈಲ್ ತೆಗೆದು ನೋಡಿದರೆ ಎಚ್‌ಐವಿ ನೆಗೆಟಿವ್. ಅಷ್ಟಕ್ಕೇ ಫೈಲ್ ಮುಚ್ಚಿಟ್ಟೆ. ಅದರ ಕೆಳಗಿನ ಸಾಲಿನಲ್ಲೇ ಎಚ್‌ಬಿಎಸ್‌ಎಜಿ ಪಾಸಿಟಿವ್, ಅಂದರೆ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ ಅಂತ ಇತ್ತು, ಓದಲಿಲ್ಲ. ನಮಗೆಲ್ಲ ಎಚ್‌ಐವಿಯದೇ ಭಯ ಅಲ್ವಾ? ಸೂಜಿ ಚುಚ್ಚಿ ಎಚ್‌ಐವಿ ಬರುವುದು ಸಾವಿರಕ್ಕೆ ಮೂರು ಸಲ. ಲಸಿಕೆಯ ರಕ್ಷಣೆ ಇಲ್ಲದವರಿಗೆ ಹೆಪಟೈಟಿಸ್ ಬಿ ನೂರಕ್ಕೆ 6ರಿಂದ 30 ಸಲ.

ಅವತ್ತೇ ಹೇಳಿದ್ದರೆ 24 ಗಂಟೆಯೊಳಗೆ ಇಮ್ಯುನೊಗ್ಲೋಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೊಟ್ಟು, ಜೊತೆಗೆ ಲಸಿಕೆಯನ್ನೂ ಹಾಕುತ್ತಿದ್ದರು. ವಾರದೊಳಗೆ ಹೇಳಿದ್ದರೂ ಕೊಡಬಹುದಿತ್ತು. ಆ ಏಳು ದಿನವೂ ಡ್ಯೂಟಿಗೆ ಹೋದೆ, ಇನ್‌ಚಾರ್ಜ್ ಎದುರಿಗೇ ಚಾರ್ಟ್ ಬರೆದೆ, ಬಾಯಿ ಬಿಡಲಿಲ್ಲ.

ಮೂರನೇ ತಿಂಗಳು ಅನ್ನದ ವಾಸನೆಗೇ ವಾಕರಿಕೆ. ಕಣ್ಣು ಹಳದಿ. ಅಮ್ಮ ಕಾಮಾಲೆ ಅಂತ ನೆಲನೆಲ್ಲಿ ಅರೆದು ಕುಡಿಸಿದರು. ದೊಡ್ಡವರಿಗೆ ಬಂದರೆ ಬಹುಪಾಲು ಜನಕ್ಕೆ ತಾನಾಗಿ ವಾಸಿಯಾಗುತ್ತದೆ. ನನಗೆ ಆಗಲಿಲ್ಲ. ಆರು ತಿಂಗಳಾದ ಮೇಲೂ ಪಾಸಿಟಿವ್. ಈಗ ದಿನಾ ವೈರಸ್ ಹದ್ದಿನಲ್ಲಿಡುವ ಟೆನೊಫೊವಿರ್ ಮಾತ್ರೆ, ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್.

ಹಾಗಾಗಿ ನಿಮ್ಮ ಜೋಪಾನದ ಮಾತು ನಾನು ಒಪ್ಪಲ್ಲ. ಮೊದಲಿನಿಂದ ಶುರು ಮಾಡಬೇಕಾ ಅಂತ ಕೇಳಿದ್ದೀರಲ್ಲ, ಬೇಡ. ಎರಡನೇ ಡೋಸ್ ಈ ವಾರವೇ ತೋಳಿಗೆ ಹಾಕಿಸಿಕೊಳ್ಳಿ, ಮೂರನೆಯದು ಅದಾಗಿ ಎರಡು ತಿಂಗಳಿಗೆ. ಮುಗಿದ ಒಂದೆರಡು ತಿಂಗಳಲ್ಲಿ ಟೈಟರ್ (ಲಸಿಕೆಯ ರಕ್ಷಣೆ ಎಷ್ಟು ಬಂದಿದೆ ಅಂತ ನೋಡುವ ರಕ್ತ ಪರೀಕ್ಷೆ) ಮಾಡಿಸಿ, 10ಕ್ಕಿಂತ ಕಡಿಮೆ ಬಂದರೆ ಡಾಕ್ಟರಿಗೆ ತೋರಿಸಿ. ಆಸ್ಪತ್ರೆಯವರು ದುಡ್ಡು ಕೊಡದಿದ್ದರೆ ಕೈಯಿಂದಲೇ ಹಾಕಿ. ಅಷ್ಟರಲ್ಲಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಸೀದಾ ಇನ್‌ಚಾರ್ಜ್ ಹತ್ತಿರ ಹೋಗಿ. ಬೈದರೆ ಬೈಯಲಿ.

ನನ್ನ ಮಗಳು ಹುಟ್ಟಿದಾಗ 12 ಗಂಟೆಯೊಳಗೆ ಅವಳಿಗೆ ಲಸಿಕೆ, ಇಮ್ಯುನೊಗ್ಲೋಬ್ಯುಲಿನ್ ಎರಡೂ ಹಾಕಿಸಿದೆವು. ಅವಳು ನೆಗೆಟಿವ್.