ಹೋಂಸ್ಟೇಯ ನಾಟಿಕೋಳಿ ಹಲಾಲ್ ಆಗುವುದು ಹೇಗೆ? ಓದುಗರ ಪ್ರಶ್ನೆ, ಮೌಲಾನಾ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕೋಳಿಯದೇ ಕಾರುಬಾರು. ಒಂದೇ ತರಹದವನ್ನು ಬಿಟ್ಟು ಐದನ್ನು ಆರಿಸಿದ್ದೇವೆ.

ಪ್ರಶ್ನೆ: ಆಗುಂಬೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮನೆಯಲ್ಲೇ ಸಾಕಿದ ನಾಟಿಕೋಳಿ ಸಾರು, ಕಡುಬು ನಮ್ಮ ವಿಶೇಷ. ಭಟ್ಕಳ, ಮಂಗಳೂರು ಕಡೆಯಿಂದ ಬರುವ ಮುಸ್ಲಿಂ ಅತಿಥಿಗಳು ‘ಹಲಾಲ್ ಮಾಡಿದ್ದಾ?’, ಅಂದರೆ ಇಸ್ಲಾಂ ನಿಯಮದಂತೆ ಕೊಯ್ದದ್ದಾ, ಅಂತ ಕೇಳುತ್ತಾರೆ. ನಾವು ಹಿಂದೂಗಳು. ‘ಬಿಸ್ಮಿಲ್ಲಾ’ ಅಂತ ನಾವೇ ಹೇಳಿ ಕೊಯ್ದರೆ ನಡೆಯುತ್ತದಾ?
– ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಡೆಯುವುದಿಲ್ಲ ತಾಯಿ. ಕೊಯ್ಯುವವರು ಮುಸ್ಲಿಮರಾಗಿರಬೇಕು. ಯಹೂದಿ, ಕ್ರೈಸ್ತರು ಕೊಯ್ದದ್ದಕ್ಕೂ ಕುರ್‌ಆನ್ ಅವಕಾಶ ಕೊಟ್ಟಿದೆ, ಅದರ ಷರತ್ತುಗಳ ಚರ್ಚೆ ಇಲ್ಲಿ ಬೇಡ. ನೀವು ಎಷ್ಟೇ ಭಕ್ತಿಯಿಂದ ಹೇಳಿದರೂ ನಿಮ್ಮ ಅತಿಥಿಗಳಿಗೆ ಅದು ಹಲಾಲ್ ಆಗದು. ಅವರಿಗೆ ಗೊತ್ತಾಗಲ್ಲ ಅಂತ ಸುಮ್ನೆ ‘ಹೌದು’ ಅನ್ನಬೇಡಿ.

ಆದರೆ ದಾರಿ ಸುಲಭ. ಅತಿಥಿಗಳಲ್ಲೇ ಕೊಯ್ಯಲು ಬರುವವರು ಇದ್ದಾರಾ ಕೇಳಿ. ಇಲ್ಲವಾದರೆ ಹತ್ತಿರದ ಮಸೀದಿಯಲ್ಲೋ ಪೇಟೆಯ ಕೋಳಿ ಅಂಗಡಿಯಲ್ಲೋ ಹೇಳಿ ಒಬ್ಬರನ್ನು ಕರೆಸಿ. ಕೋಳಿ ನಿಮ್ಮದು, ಒಲೆ ನಿಮ್ಮದು, ಅಡುಗೆ ನಿಮ್ಮ ಕೈಯದು. ಇದಕ್ಕೆ ಯಾವ ಅಡ್ಡಿಯೂ ಇಲ್ಲ.

ಉಳಿದದ್ದು ಚಾಕುವಿನ ವಿಷಯ. ಎಲ್ಲರೂ ಕೇಳುವುದು ಏನು ಹೇಳಬೇಕು ಅಂತ. ಚಾಕು ಹೇಗಿರಬೇಕು ಅಂತ ಕೇಳುವವರು ಕಡಿಮೆ. ‘ಕೊಯ್ಯುವಾಗ ಚೆನ್ನಾಗಿ ಕೊಯ್ಯಿರಿ, ಅಲಗನ್ನು ಹರಿತ ಮಾಡಿಕೊಳ್ಳಿ, ಪ್ರಾಣಿಗೆ ನೆಮ್ಮದಿ ಕೊಡಿ’ ಎಂಬ ಅರ್ಥದ ಪ್ರವಾದಿ ಮಾತು ಸಹೀಹ್ ಮುಸ್ಲಿಮ್ ಎಂಬ ಹದೀಸ್ (ಪ್ರವಾದಿ ವಚನಗಳ) ಸಂಗ್ರಹದಲ್ಲಿದೆ. ತೆಂಗಿನಕಾಯಿ ಕೆತ್ತಿ ಮೊಂಡಾದ ಕತ್ತಿ ಇದಕ್ಕೆ ಬೇಡ. ಚಾಕು ಮಸೆಯುವುದನ್ನೂ ಕೋಳಿಯ ಕಣ್ಣೆದುರು ಮಾಡಬಾರದು. ಒಂದು ಕೋಳಿಯ ಮುಂದೆ ಇನ್ನೊಂದನ್ನು ಕೊಯ್ಯಬಾರದು.

ಕೊಯ್ಯುವವರು ಎರಡೂ ರೆಕ್ಕೆ ಸೇರಿಸಿ ಹಿಡಿದು, ಕೋಳಿಯನ್ನು ಕಿಬ್ಲಾದ, ಅಂದರೆ ಮೆಕ್ಕಾದ ಕಾಬಾದ, ಕಡೆ ತಿರುಗಿಸುತ್ತಾರೆ. ನಮ್ಮ ಮಲೆನಾಡಿನಿಂದ ಅದು ಪಶ್ಚಿಮ, ಸ್ವಲ್ಪ ವಾಯವ್ಯಕ್ಕೆ. ‘ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್’ ಅಂದು ಗಂಟಲ ಗಂಟಿನ ಕೆಳಗೆ ಚಾಕುವನ್ನು ಬೇಗ ಎಳೆಯುತ್ತಾರೆ. ಶ್ವಾಸನಾಳ, ಅನ್ನನಾಳ, ಎರಡು ಬದಿಯ ರಕ್ತನಾಳ, ಹೀಗೆ ನಾಲ್ಕು ತುಂಡಾಗಬೇಕು. ಹನಫಿ, ಶಾಫಿ ಎಂಬುವು ಇಸ್ಲಾಮಿನ ವಿಧಿನಿಯಮಗಳ ಎರಡು ಪಂಥಗಳು. ಹನಫಿಗಳಲ್ಲಿ ನಾಲ್ಕರಲ್ಲಿ ಮೂರಾದರೂ ಸಾಕು. ಶಾಫಿಗಳಲ್ಲಿ ಶ್ವಾಸನಾಳ ಮತ್ತು ಅನ್ನನಾಳ ಪೂರ್ತಿ ಕತ್ತರಿಸಲೇಬೇಕು. ಶಿವಮೊಗ್ಗ ಕಡೆ ಉರ್ದು ಮಾತಾಡುವವರು ಹೆಚ್ಚಾಗಿ ಹನಫಿಗಳು. ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ನಾಲ್ಕನ್ನೂ ಕೊಯ್ದುಬಿಟ್ಟರೆ ಯಾರಿಗೂ ತಕರಾರಿಲ್ಲ. ತಲೆಯನ್ನು ಪೂರ್ತಿ ಬೇರೆ ಮಾಡುವುದು ಒಳ್ಳೆಯದಲ್ಲ, ಹಾಗಾಯಿತು ಅಂತ ಮಾಂಸವೇನೂ ಹರಾಮ್ (ನಿಷಿದ್ಧ) ಆಗದು.

ಇನ್ನು ನಿಮ್ಮ ಪಾಲಿನ ಕೆಲಸ. ಒದ್ದಾಟ ಪೂರ್ತಿ ನಿಂತ ಮೇಲೇ ಹಂಡೆಯ ಬಿಸಿನೀರಿಗೆ ಹಾಕಿ. ಪೇಟೆಯ ಕೆಲವು ಅಂಗಡಿಗಳಲ್ಲಿ ಭಾನುವಾರದ ರಶ್ಶಿನಲ್ಲಿ ಕೊಯ್ದ ಕೋಳಿಯನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಒಂದರ ಮೇಲೊಂದು ಎಸೆಯುತ್ತಾರೆ. ಅದು ಒಳಗೆ ದಡಬಡ ಅನ್ನುತ್ತಿರುವಾಗಲೇ ಎಳೆದು ಚರ್ಮ ಸುಲಿಯುತ್ತಾರೆ. ಬೋರ್ಡಿನಲ್ಲಿ ‘ಹಲಾಲ್’ ಅಂತ ದೊಡ್ಡದಾಗಿ ಬರೆದ ಅಂಗಡಿಯೇ ಆಗಿರಲಿ, ಇದು ತಪ್ಪು. ಚೌಡಿಗೋ ಭೂತಕ್ಕೋ ಕೊಟ್ಟ ಕೋಳಿಯನ್ನು ಆ ಅತಿಥಿಗಳಿಗೆ ಬಡಿಸಬೇಡಿ. ಮನೆಯಲ್ಲಿ ಹಂದಿ ಮಾಂಸ ಮಾಡುವುದಿದ್ದರೆ ಪಾತ್ರೆ, ಸೌಟು ಬೇರೆ ಇಡಿ. ಅಡುಗೆ ಎಣ್ಣೆಗೆ ಹಂದಿ ಕೊಬ್ಬು ಸೇರಿರಬಾರದು.

ಪ್ರಶ್ನೆ: ಮೌಲಾನಾ ಅವರೇ, ಅಸ್ಸಲಾಮು ಅಲೈಕುಂ. ನಮ್ಮ ಹೇಂಟೆಯನ್ನು ಬೀದಿನಾಯಿ ಕಚ್ಚಿ ಹಾಕಿತ್ತು. ಗಂಡಸರು ಮನೆಯಲ್ಲಿರಲಿಲ್ಲ. ಜೀವ ಇದ್ದಾಗಲೇ ಅಮ್ಮ ಬಿಸ್ಮಿಲ್ಲಾ ಹೇಳಿ ಕೊಯ್ದರು. ಪಕ್ಕದ ಮನೆ ಚಾಚಾ ‘ನಾಯಿ ಕಚ್ಚಿದ್ದು, ಅದರಲ್ಲೂ ಹೆಂಗಸು ಕೊಯ್ದದ್ದು, ನಡೆಯಲ್ಲ’ ಅಂದರು. ಎಸೆದುಬಿಟ್ಟೆವು.
– ಸಾಗರ

ಉತ್ತರ: ವಾ ಅಲೈಕುಮುಸ್ಸಲಾಂ. ಎಸೆಯಬೇಕಿರಲಿಲ್ಲ. ಕುರ್‌ಆನಿನ 5ನೇ ಅಧ್ಯಾಯದ 3ನೇ ವಚನದಲ್ಲಿ ತಿನ್ನಬಾರದ ಪಟ್ಟಿ ಇದೆ: ಸತ್ತದ್ದು, ರಕ್ತ, ಹಂದಿ ಮಾಂಸ, ಉಸಿರುಕಟ್ಟಿ ಸತ್ತದ್ದು, ಪೆಟ್ಟು ತಿಂದು ಸತ್ತದ್ದು, ಬಿದ್ದು ಸತ್ತದ್ದು, ಕಾಡುಪ್ರಾಣಿ ತಿಂದದ್ದು. ಅದರ ಜೊತೆಗೇ ‘ನೀವು ಜೀವ ಇರುವಾಗಲೇ ಕೊಯ್ದದ್ದನ್ನು ಬಿಟ್ಟು’ ಅಂತಲೂ ಇದೆ. ಕೊಯ್ದಾಗ ಕೋಳಿ ಅಲುಗಾಡಿತಾ, ರಕ್ತ ಹರಿದು ಬಂತಾ? ಹಾಗಿದ್ದರೆ ಹಲಾಲ್. ನಾಯಿ ಬಾಯಿ ಹಾಕಿದ ಭಾಗವನ್ನು ಕತ್ತರಿಸಿ ತೆಗೆದರಾಯಿತು.

ಹೆಂಗಸರ ವಿಷಯಕ್ಕೆ ನಿಮ್ಮ ಚಾಚಾಗೆ ಬುಖಾರಿ ಸಂಗ್ರಹದ ಒಂದು ಹದೀಸ್ ಹೇಳಿ. ಮದೀನಾದ ಸಲ್ಅ್ ಬೆಟ್ಟದ ಹತ್ತಿರ ಒಬ್ಬ ಹುಡುಗಿ ಕುರಿ ಮೇಯಿಸುತ್ತಿದ್ದಳು. ಒಂದು ಕುರಿ ಸಾಯುವ ಸ್ಥಿತಿಗೆ ಬಂತು. ಅವಳು ಕಲ್ಲು ಒಡೆದು ಅದರ ಚೂಪಿನಿಂದಲೇ ಕೊಯ್ದಳು. ಪ್ರವಾದಿಯವರನ್ನು ಕೇಳಿದರೆ ತಿನ್ನಿ ಅಂದರು. ಹೆಂಗಸು, ಸಾಯುತ್ತಿದ್ದ ಪ್ರಾಣಿ, ಚಾಕುವಿಲ್ಲದ ಕೈ, ಮೂರಕ್ಕೂ ಅದೊಂದರಲ್ಲೇ ಉತ್ತರ ಸಿಕ್ಕಿತು ನೋಡಿ. ಹಲ್ಲು, ಉಗುರಿನಿಂದ ಮಾತ್ರ ಕೂಡದು. ನಿಮ್ಮ ಅಮ್ಮನಿಗೆ ಸಲಾಂ ತಿಳಿಸಿ.

ಪ್ರಶ್ನೆ: ಈ ವಿಧಾನದಲ್ಲಿ ಪ್ರಾಣಿಗೆ ನೋವೇ ಆಗಲ್ಲ ಅಂತ ಕೆಲವರು, ತುಂಬಾ ಕ್ರೂರ ಅಂತ ಕೆಲವರು. ಯಾವುದು ನಿಜ? ಪ್ರಜ್ಞೆ ತಪ್ಪಿಸಿ ಕೊಯ್ದರೆ ಏನು ತೊಂದರೆ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನೋವೇ ಆಗಲ್ಲ ಅನ್ನುವ ನಮ್ಮವರ ಮಾತನ್ನು ನಾನು ಒಪ್ಪಲ್ಲ. ನೋವಾಗುತ್ತದೆ ಅಂತಲೇ ಅಲ್ವಾ ಇಷ್ಟೊಂದು ನಿಯಮ ಇರುವುದು? ಕುರಿ, ಮೇಕೆಯಲ್ಲಿ ಮಿದುಳಿಗೆ ರಕ್ತ ಹೋಗುವುದು ಮುಖ್ಯವಾಗಿ ಕತ್ತಿನ ಮುಂಭಾಗದ ದೊಡ್ಡ ನಾಳಗಳಿಂದ. ಅವು ಒಂದೇ ಎಳೆತಕ್ಕೆ ತುಂಡಾದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಆಮೇಲಿನ ಒದ್ದಾಟ ಹೆಚ್ಚಾಗಿ ನರಗಳದ್ದು. ದೊಡ್ಡ ಜಾನುವಾರಿನಲ್ಲಿ ಹಾಗಲ್ಲ. ಕತ್ತಿನ ಮೂಳೆಯ ಬದಿಯ ನಾಳಗಳಿಂದಲೂ ಮಿದುಳಿಗೆ ರಕ್ತ ಏರುತ್ತದೆ, ಹಾಗಾಗಿ ಪ್ರಜ್ಞೆ ಹೋಗಲು ಜಾಸ್ತಿ ಹೊತ್ತು ಹಿಡಿಯಬಹುದು. ಮೊಂಡ ಚಾಕು, ಅನುಭವವಿಲ್ಲದ ಕೈ ಸೇರಿದರೆ ಯಾವ ಪ್ರಾಣಿಗಾದರೂ ನರಕವೇ.

ಪ್ರಜ್ಞೆ ತಪ್ಪಿಸುವುದರಲ್ಲಿ ನಮ್ಮ ತಕರಾರು ಒಂದೇ: ಕೊಯ್ಯುವಾಗ ಪ್ರಾಣಿ ಬದುಕಿರಬೇಕು. ಕರೆಂಟಿನ ಏಟಿಗೇ ಸತ್ತರೆ ಅದು ಪೆಟ್ಟು ತಿಂದು ಸತ್ತ ಲೆಕ್ಕ. ನ್ಯೂಜಿಲೆಂಡಿನಲ್ಲಿ ತಲೆಗೆ ಮಾತ್ರ ಕರೆಂಟ್ ಕೊಡುತ್ತಾರೆ. ಕೊಯ್ಯದೆ ಬಿಟ್ಟರೆ ಕುರಿ ಮತ್ತೆ ಎದ್ದು ನಿಲ್ಲುತ್ತದೆ. ಅಂಥದ್ದನ್ನು ಹಲವು ಮುಸ್ಲಿಂ ದೇಶಗಳು ಒಪ್ಪಿ ಖರೀದಿಸುತ್ತವೆ, ಒಪ್ಪದ ವಿದ್ವಾಂಸರೂ ಇದ್ದಾರೆ. ಪ್ರಾಣಿ ಬದುಕಿರುವುದು ಖಾತ್ರಿಯಾದರೆ ಅದನ್ನು ಹರಾಮ್ ಅನ್ನಲು ನನಗೆ ಕಾರಣ ಕಾಣಲ್ಲ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 28ನೇ ಕಲಂ ಧಾರ್ಮಿಕ ವಿಧಾನದ ವಧೆಗೆ ವಿನಾಯಿತಿ ಕೊಟ್ಟಿದೆ. ಅದನ್ನು ಹಿಡಿದುಕೊಂಡು ಒರಟಾಗಿ ನಡೆದುಕೊಳ್ಳುವುದನ್ನು ಧರ್ಮ ಮೊದಲೇ ಒಪ್ಪಿಲ್ಲ.

ಪ್ರಶ್ನೆ: ಬಕ್ರೀದ್‌ನಲ್ಲಿ ಕಟುಕರು ಕೂಲಿಯ ಬದಲು ಚರ್ಮ, ತಲೆ ಕೇಳುತ್ತಾರೆ. ಕೊಡಬಹುದಾ?
– ಭದ್ರಾವತಿ

ಉತ್ತರ: ಕೂಲಿಯಾಗಿ ಕೊಡುವಂತಿಲ್ಲ. ತಮ್ಮ ಅಳಿಯ ಹಜರತ್ ಅಲಿಯವರಿಗೆ ಪ್ರವಾದಿ ಹೇಳಿದ್ದೂ ಇದನ್ನೇ. ಕೂಲಿಯನ್ನು ದುಡ್ಡಾಗಿ ಮೊದಲೇ ಮಾತಾಡಿ ಕೊಟ್ಟುಬಿಡಿ. ಆಮೇಲೆ ಎಲ್ಲರಿಗೂ ಹಂಚುವಂತೆ ಅವರಿಗೂ ಒಂದು ಪಾಲು ಕೊಡಿ, ಬೇಡ ಅನ್ನುವವರಿಲ್ಲ. ಇನ್ನೊಂದು: ಮೇಕೆಗೆ ಒಂದು ವರ್ಷ ತುಂಬಿರಬೇಕು, ಕುಂಟು, ಕುರುಡು ಇರಬಾರದು, ಈದ್ ನಮಾಜಿಗೆ ಮೊದಲು ಕೊಯ್ದರೆ ಅದು ಕುರ್ಬಾನಿ (ಹಬ್ಬದ ಬಲಿ) ಅಲ್ಲ, ಬರೀ ಮಾಂಸ.

ಪ್ರಶ್ನೆ: ಮೊದಲ ಮಳೆಗೆ ಗದ್ದೆಗೆ ಹತ್ತುಮೀನು ಬರುತ್ತದೆ. ಹಿಡಿದಾಗಲೇ ಎಷ್ಟೋ ಸತ್ತಿರುತ್ತವೆ. ಅವಕ್ಕೂ ಬಿಸ್ಮಿಲ್ಲಾ ಹೇಳಿ ಕೊಯ್ಯಬೇಕಾ? ಅಜ್ಜಿ ಏಡಿಯನ್ನು ಮನೆಗೇ ಸೇರಿಸಲ್ಲ.
– ಹೊಸನಗರ

ಉತ್ತರ: ಮೀನಿಗೆ ಕೊಯ್ಯುವ ನಿಯಮವೇ ಇಲ್ಲ. ಬಲೆಯಲ್ಲಿ, ಕೂಣಿಯಲ್ಲಿ (ಮೀನು ಹಿಡಿಯುವ ಬುಟ್ಟಿಯಲ್ಲಿ) ಸತ್ತದ್ದನ್ನು ಆರಾಮಾಗಿ ತಿನ್ನಿ. ತಾನಾಗೇ ಸತ್ತು ಹೊಟ್ಟೆ ಮೇಲಾಗಿ ತೇಲುವುದನ್ನು ಹನಫಿಗಳು ತಿನ್ನಬಾರದು. ಏಡಿಯ ವಿಷಯದಲ್ಲಿ ಅಜ್ಜಿ ಹೇಳಿದ್ದು ಸರಿ. ಹನಫಿಗಳಿಗೆ ನೀರಿನ ಜೀವಿಗಳಲ್ಲಿ ಮೀನು ಮಾತ್ರ ಹಲಾಲ್. ನೀರು, ನೆಲ ಎರಡರಲ್ಲೂ ಬದುಕುವ ಗದ್ದೆ ಏಡಿಯನ್ನು ಶಾಫಿಗಳ ಪ್ರಸಿದ್ಧ ಗ್ರಂಥಗಳೂ ಬೇಡ ಅನ್ನುತ್ತವೆ. ಹೊಳೆಗೆ ತೋಟೆ (ಸಿಡಿಮದ್ದು) ಹಾಕಿ, ವಿಷ ಬೆರೆಸಿ ಮೀನು ಹಿಡಿಯುವವರೂ ನಮ್ಮಲ್ಲಿದ್ದಾರೆ. ಅದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ, ಅಂಥ ಮೀನನ್ನು ಪುಕ್ಕಟೆ ಕೊಟ್ಟರೂ ತರಬೇಡಿ.