ಚೆರ್ರಿ ಕೌಂಟಿಯಲ್ಲಿ ಫೋನಿನ ಟೈಮ್ ಒಂದು ಗಂಟೆ ಹಿಂದೆ ಹೋಗಿದ್ದು ಯಾಕೆ?

ಫೋನ್ ಕೆಟ್ಟಿಲ್ಲ. ವ್ಯಾಲೆಂಟೈನ್‌ನಿಂದ ಮೆರಿಮನ್‌ಗೆ ಹೋಗುವಾಗ ಟೈಮ್ ಹಿಂದೆ ಹೋಯಿತು ಅಂದಿರಲ್ಲ, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಈ ಒಂದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದಂತೆ) ಎರಡು ಟೈಮ್ ಝೋನ್ ಇವೆ. ಕೌಂಟಿ ಕೇಂದ್ರವಾದ ವ್ಯಾಲೆಂಟೈನ್ ಕಡೆ ಸೆಂಟ್ರಲ್, ಪಶ್ಚಿಮದ ಮೆರಿಮನ್ ಕಡೆ ಅದಕ್ಕಿಂತ ಒಂದು ಗಂಟೆ ಹಿಂದಿರುವ ಮೌಂಟನ್. ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡ ಜಾಗ ಇದು. 2020ರ ಜನಗಣತಿಯಲ್ಲಿ ಇದ್ದವರು ಬರೀ 5,455 ಜನ. ದಾರಿಯುದ್ದಕ್ಕೂ ಹುಲ್ಲು ಹೊದ್ದ ಮರಳುದಿಬ್ಬಗಳೇ ಜಾಸ್ತಿ, ಕೇಳೋಣ ಅಂದರೂ ಯಾರೂ ಸಿಗುವುದಿಲ್ಲ.

ಅಲ್ಲಿ ಯಾರನ್ನಾದರೂ ಭೇಟಿಯಾಗಬೇಕಿದ್ದರೆ ಮೊದಲು ಅವರಿಗೆ ಫೋನ್ ಮಾಡಿ, ಭೇಟಿಗೆ ಹೇಳಿದ್ದು ಯಾವ ಝೋನಿನ ಟೈಮ್ ಅಂತ ಕೇಳಿ. ಮೌಂಟನ್ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ಟೈಮ್ ಝೋನ್ ಆಫ್ ಮಾಡಿ, ಮೌಂಟನ್ ಟೈಮ್ ಇರುವ ಡೆನ್ವರ್ ನಗರವನ್ನು ಆರಿಸಿ. ಗಡಿಯ ಹತ್ತಿರ ಫೋನ್ ಯಾವ ಟವರ್ ಹಿಡಿಯುತ್ತದೋ ಹೇಳಲಾಗದು. ನನ್ನದು ಎರಡು ಸಲ ಹಿಂದೆ ಮುಂದೆ ಆಗಿತ್ತು. ವ್ಯಾಲೆಂಟೈನ್‌ಗೆ ವಾಪಸ್ ಬರುವಾಗ ಒಂದು ಗಂಟೆ ಕಳೆದುಹೋಗುತ್ತದೆ. ಅಲ್ಲಿ ಕೌಂಟಿ ಕಚೇರಿಯ ಕೆಲಸ ಇದ್ದರೆ ಬೇಗ ಹೊರಡಿ.