ಟ್ಯಾಂಟಲಮ್‌ನಲ್ಲಿ ತೋಟದ ಗೇಟ್ ಮಾಡಿಸ್ಬಹುದಾ?

ಪ್ರಶ್ನೆ: ಸರ್, ನಮ್ದು ಮೂಡಿಗೆರೆ ಹತ್ರ ಕಾಫಿ ತೋಟ. ಮಳೆಗಾಲ ಮುಗಿಯೋ ಹೊತ್ತಿಗೆ ಗೇಟು, ಕತ್ತಿ, ಸ್ಪ್ರೇಯರ್ ನಟ್ಟು ಎಲ್ಲಾ ತುಕ್ಕು. ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಹುಡುಗ ಹಳೇ ಬೋರ್ಡ್ ತೋರಿಸಿ, ಇದ್ರಲ್ಲಿ ಟ್ಯಾಂಟಲಮ್ ಅನ್ನೋ ಲೋಹ ಇದೆ, ಅದಕ್ಕೆ ತುಕ್ಕೇ ಹಿಡಿಯಲ್ಲ ಅಂದ. ಅದ್ರಲ್ಲೇ ಗೇಟ್ ಮಾಡಿಸ್ಬಹುದಾ? ಬೋರ್ಡಿಂದ ಮನೇಲೇ ತೆಗೀಬಹುದಾ?

ಉತ್ತರ: ಹುಡುಗ ಹೇಳಿದ್ದು ನಿಜಾನೇ. ಆದ್ರೆ ಗೇಟ್ ಆಸೆ ಬಿಡಿ, ತೋಟ ಮಾರಿದ್ರೂ ಸಾಲದು ಅನ್ಸುತ್ತೆ, ಮೇಲಿಂದ ಕಬ್ಬಿಣಕ್ಕಿಂತ ಎರಡು ಪಟ್ಟು ಭಾರ. ಗೇಟಿಗೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಲ್ಲಿ ಅದ್ದೋದು) ಮಾಡ್ಸಿ, ಸಾಕು. ಸ್ಪ್ರೇಯರ್ ನಟ್ಟು ಹೋಗೋದು ಬರೀ ಮಳೆಯಿಂದಲ್ಲ, ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಹಾಕೋ ಮೈಲುತುತ್ತ ಕಬ್ಬಿಣಾನ ತಿನ್ನುತ್ತೆ, ಅಲ್ಲಿ ಹಿತ್ತಾಳೆ ಇಲ್ಲಾ ಪ್ಲಾಸ್ಟಿಕ್ ಹಾಕಿ.

ಈಗ ಟ್ಯಾಂಟಲಮ್ ವಿಷ್ಯ. ಇದೂ ಗಾಳಿ ಜೊತೆ ಸೇರಿ ಆಕ್ಸೈಡ್ ಆಗುತ್ತೆ ಕಣ್ರೀ, ಆದ್ರೆ ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರಿ ಒಳಗಿನ ಕಬ್ಬಿಣಾನ ಮತ್ತೆ ಗಾಳಿಗೆ ಒಡ್ಡುತ್ತೆ, ಇದ್ರ ಆಕ್ಸೈಡ್ ಕಣ್ಣಿಗೂ ಕಾಣದಷ್ಟು ತೆಳು ಪೊರೆಯಾಗಿ ಗಟ್ಟಿಯಾಗಿ ಅಂಟ್ಕೊಂಡು ಬಾಗಿಲು ಹಾಕ್ಬಿಡುತ್ತೆ. ಚಿನ್ನ ಕರಗಿಸೋ ಆಕ್ವಾ ರೀಜಿಯಾಕ್ಕೂ ಇದು ಜಗ್ಗಲ್ಲ. 1802ರಲ್ಲಿ ಸ್ವೀಡನ್ನಿನ ಎಕೆಬರ್ಗ್ ಇದನ್ನ ಕಂಡುಹಿಡಿದಾಗ, ಆಸಿಡ್ ಒಳಗೆ ಮುಳುಗಿಸಿದ್ರೂ ಇದ್ರ ಆಕ್ಸೈಡ್ ಏನನ್ನೂ ಹೀರ್ಕೊಳ್ಳಲ್ಲ ಅಂತ, ನೀರಲ್ಲಿ ನಿಂತೂ ಕುಡಿಯೋಕಾಗದ ಗ್ರೀಕ್ ಪುರಾಣದ ಟ್ಯಾಂಟಲಸ್ ಹೆಸರಿಟ್ಟ. ಕಾಯಿಸಿ ಕರಗಿಸ್ಬೇಕಂದ್ರೆ ಸುಮಾರು 3000 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕೇ ಕೆಮಿಕಲ್ ಫ್ಯಾಕ್ಟರಿಗಳ ಆಸಿಡ್ ಪೈಪು, ಜೆಟ್ ಎಂಜಿನ್ ಮಿಶ್ರಲೋಹ, ಮೂಳೆ ಇಂಪ್ಲಾಂಟ್ ಎಲ್ಲದಕ್ಕೂ ಹೋಗುತ್ತೆ.

ಮಜಾ ಇರೋದು ಆ ಬೋರ್ಡಲ್ಲಿ. ಹಳೇ ಬೋರ್ಡ್‌ಗಳಲ್ಲಿ ಕಾಳುಮೆಣಸಿನ ಗಾತ್ರದ್ದೊಂದು, ಎರಡು ಕಾಲಿಂದು ಇರುತ್ತಲ್ಲ, ಅದು ಟ್ಯಾಂಟಲಮ್ ಕೆಪಾಸಿಟರ್, ಅಂದ್ರೆ ಚಾರ್ಜ್ ಹಿಡಿದಿಡೋ ಬಿಡಿಭಾಗ. ಒಳಗೆ ಟ್ಯಾಂಟಲಮ್ ಪುಡಿ ಒತ್ತಿ ಕಾಯಿಸಿ ಮಾಡಿದ ಸ್ಪಂಜಿನಂಥ ಗುಳಿಗೆ, ಅದ್ರ ಮೈಮೇಲೆಲ್ಲಾ ಅದೇ ಆಕ್ಸೈಡ್ ಪೊರೆ. ಆಸಿಡ್ ತಡೆಯೋ ಪೊರೇನೇ ಇಲ್ಲಿ ಕರೆಂಟನ್ನೂ ತಡೆಯೋ ಗೋಡೆ! ಗೋಡೆ ತೆಳು, ಮೈ ಜಾಸ್ತಿ, ಹಾಗಾಗಿ ಚಿಕ್ಕ ಜಾಗದಲ್ಲಿ ತುಂಬಾ ಚಾರ್ಜ್ ಹಿಡಿಯುತ್ತೆ. ಪ್ಲಸ್ ಮೈನಸ್ ಉಲ್ಟಾ ಕೊಟ್ರೆ ಮಾತ್ರ ಗೋಡೆ ಒಡೆದು ಹೊತ್ಕೊಳ್ಳುತ್ತೆ. ಚಪ್ಪಟೆ ಡಬ್ಬಿ ತರದ ಟ್ಯಾಂಟಲಮ್ ಕೆಪಾಸಿಟರಲ್ಲಿ ಪಟ್ಟೆ ಇರೋ ಕಡೆ ಪ್ಲಸ್, ಮಾಮೂಲಿ ಉದ್ದದ ಅಲ್ಯೂಮಿನಿಯಂ ಕೆಪಾಸಿಟರಲ್ಲಿ ಪಟ್ಟೆ ಕಡೆ ಮೈನಸ್, ರಿಪೇರಿ ಕಲಿಯೋ ಹುಡುಗರೆಲ್ಲ ಎಡವೋದೇ ಇಲ್ಲಿ.

ಮನೇಲಿ ತೆಗಿಯೋದು ಖಂಡಿತ ಬೇಡ. ಇದನ್ನ ಕರಗಿಸೋ ಆಸಿಡ್ ಅಂದ್ರೆ ಹೈಡ್ರೋಫ್ಲೋರಿಕ್, ಅದು ಚರ್ಮದೊಳಗೆ ಇಳಿದು ಮೂಳೆವರೆಗೂ ಹೋಗುತ್ತೆ, ಜೀವಕ್ಕೇ ಅಪಾಯ. ಒಂದು ಬೋರ್ಡಲ್ಲಿ ಸಿಗೋದು ಚಿಟಿಕೆಗಿಂತ ಕಮ್ಮಿ. ಇ-ವೇಸ್ಟ್ ತಗೊಳ್ಳೋರಿಗೆ ಕೊಟ್ಬಿಡಿ, ಒಲೆಗೆ ಮಾತ್ರ ಹಾಕ್ಬೇಡಿ.